ಬ್ರೇಕಿನ ಮೇಲಿನ ಕಾಲು

ನಮ್ಮನೆಯವರು ಬಸ್ ಡ್ರೈವರ್. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಒಂದು ನಾಯಿಮರಿಗೂ ಬಸ್ ತಾಗಿಸಿದವರಲ್ಲ. ಅದೇ ಇಪ್ಪತ್ತಾರು ವರ್ಷದಲ್ಲಿ ನನ್ನ ಮುಂದೆ ಒಂದು ಸುಳ್ಳು ಹೇಳಿ ದಕ್ಕಿಸಿಕೊಂಡವರೂ ಅಲ್ಲ. ನಾನು ಗಾರ್ಮೆಂಟ್ಸ್ ಫ್ಯಾಕ್ಟರಿಯ ಚೆಕಿಂಗ್ ವಿಭಾಗದವಳು. ದಿನಕ್ಕೆ ನೂರಾರು ಅಂಗಿ ನನ್ನ ಕೈಯಲ್ಲಿ ಹಾದುಹೋಗುತ್ತವೆ, ಒಂದು ಹೊಲಿಗೆ ತಪ್ಪಿದರೂ ಬೆರಳಿಗೆ ಗೊತ್ತಾಗುತ್ತದೆ. ಅಂಥವಳ ಕಣ್ಣಿಗೆ ಮಣ್ಣೆರಚಲು ಈ ಮನುಷ್ಯ ಹೊರಟರು.

ಮೊದಲು ಬಂದದ್ದು ಬೂಟು. ನೀಲಿ ಬಣ್ಣದ, ದಪ್ಪ ಅಟ್ಟೆಯ, ಓಡುವವರು ಹಾಕುವಂಥದ್ದು. ಇವರೋ ತೆಳ್ಳನೆಯ ಚಪ್ಪಲಿ ಬಿಟ್ಟು ಬೇರೇನನ್ನೂ ಮೆಟ್ಟದವರು. "ಬ್ರೇಕು ಎಷ್ಟು ಹಿಡೀತಿದೆ ಅಂತ ಪಾದಕ್ಕೆ ಗೊತ್ತಾಗ್ಬೇಕು ಕಣೇ, ಮಧ್ಯೆ ಏನೂ ಇರ್ಬಾರ್ದು" ಎಂದು ಎಷ್ಟು ಸಲ ಹೇಳಿದ್ದಾರೋ. ಆ ಬೂಟನ್ನು ಮನೆಯೊಳಗೂ ತಂದಿರಲಿಲ್ಲ. ಮೆಟ್ಟಿಲ ಕೆಳಗೆ, ನೀರಿನ ಪಂಪಿನ ಹಿಂದೆ ಬಚ್ಚಿಟ್ಟಿದ್ದರು. ಆಮೇಲೆ ಐದಕ್ಕೆ ಬರುವವರು ಆರೂವರೆಗೆ ಬರತೊಡಗಿದರು. ಬಂದವರೇ ನೇರ ಸ್ನಾನಕ್ಕೆ. ಕೇಳಿದರೆ ಟ್ರಾಫಿಕ್ ಎನ್ನುವರು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ಮುಖದಲ್ಲಿ ಅಷ್ಟು ಕಳೆ ಬರುವುದನ್ನು ನಾನು ಕಂಡಿಲ್ಲ.

ತಂಗಿಗೆ ಫೋನಿನಲ್ಲಿ ಹೇಳಿಕೊಂಡೆ.

"ಅಯ್ಯೋ ಅಕ್ಕಾ, ಭಾವನ ಆ ಮುಖಕ್ಕೆ ಯಾರು ಬೀಳ್ತಾರೆ?" ಎಂದು ನಕ್ಕಳು.

ನಾನು ಬಿದ್ದಿರಲಿಲ್ಲವೇ? ಸಿಟ್ಟು ಬಂದು ಫೋನ್ ಇಟ್ಟೆ.

ಮರುದಿನ ಒಂದು ಗಂಟೆ ಮೊದಲೇ ಪರ್ಮಿಷನ್ ಪಡೆದು ಡಿಪೋ ಎದುರಿನ ಅಂಗಡಿಯಲ್ಲಿ ಬೇಡದ ಸೋಪಿನ ಬೆಲೆ ಕೇಳುತ್ತಾ ನಿಂತೆ. ಇವರು ಹೊರಬಂದರು. ಅತ್ತಿತ್ತ ನೋಡಿದರು. ಟೈರ್ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರು. ನಾನೂ ಹಿಂದೆಯೇ ಹತ್ತಿದೆ. ಮೇಲೆ ಗಾಜಿನ ಬಾಗಿಲು, ಅದರಾಚೆ ಜಿಮ್. ಕತ್ತಿಗೆ ಸೀಟಿ ನೇತುಹಾಕಿಕೊಂಡ ಮಾಸ್ತರ್ ಬಾಗಿಲಲ್ಲೇ ಇದ್ದ. ಒಳಗೆ ಓಡುವ ಯಂತ್ರದ ಮೇಲೆ, ಹೊಟ್ಟೆ ಕುಣಿಸುತ್ತಾ, ನನ್ನ ಗಂಡ.

"ಅವರಾ ಮೇಡಂ? ಡಿಪೋದಲ್ಲಿ ಮೆಡಿಕಲ್ ಟೆಸ್ಟ್ ಇದೆಯಂತೆ, ತೂಕ ಇಳಿಸ್ಬೇಕಂತೆ" ಎಂದ ಸೀಟಿ ಮಾಸ್ತರ್. "ಒಳ್ಳೇ ಮನುಷ್ಯ. ಆದ್ರೆ ಹತ್ತು ನಿಮಿಷ ಆಗ್ತಿದ್ದ ಹಾಗೆ ನಿಂತ್ಬಿಡ್ತಾರೆ. ಬಲಗಾಲು ಜುಮ್ ಅನ್ನುತ್ತಂತೆ. ಈಗ ನೋಡಿ ಬೇಕಾದ್ರೆ."

ನೋಡಿದೆ. ಹೇಳಿದ ಹಾಗೇ ಆಯಿತು. ಇವರು ಯಂತ್ರ ನಿಲ್ಲಿಸಿ, ಮೂಲೆಯ ಬೆಂಚಿನಲ್ಲಿ ಕೂತು, ಬೂಟು ಕಿತ್ತು ಬಲಪಾದಕ್ಕೆ ಕೈಯಿಂದ ಪಟಪಟ ಬಡಿಯತೊಡಗಿದರು. ಆಮೇಲೆ ಬೆರಳನ್ನು ಒಂದೊಂದಾಗಿ ಚಿವುಟಿದರು. ಹೆಂಗಸನ್ನು ಹಿಡಿಯಲು ಬಂದವಳಿಗೆ ಸಿಕ್ಕಿದ್ದು ಒಂದು ಕಾಲು. ಮೊದಲು ನಿರಾಳವಾಯಿತು, ಅದನ್ನೇಕೆ ಮುಚ್ಚಿಡಲಿ. ಅದರ ಬೆನ್ನಿಗೇ ಹೆದರಿಕೆಯಾಯಿತು. ಬಲಗಾಲೆಂದರೆ ಬ್ರೇಕಿನ ಕಾಲು.

ಮನೆಗೆ ಬಂದ ಮೇಲೆ ಕೇಳಿದೆ. "ರೀ, ಕಾಲು ಹೇಗಿದೆ?"

"ಯಾವ ಕಾಲು?"

"ಪಂಪಿನ ಹಿಂದೆ ಬೂಟು ಇಟ್ಟಿದೀರಲ್ಲ, ಆ ಕಾಲು."

ಇನ್ನು ತಪ್ಪಿಸಿಕೊಳ್ಳಲಾಗದು ಎಂದು ಗೊತ್ತಾಗಿ ಕುರ್ಚಿಯಲ್ಲಿ ಕುಸಿದರು. "ಓಡಿದಾಗ ಮಾತ್ರ ಕಣೇ. ಮೊದಲು ಬೆರಳು ಜುಮ್ಮನ್ನುತ್ತೆ, ಆಮೇಲೆ ಪಾದಾನೇ ಇಲ್ಲ ಅನ್ಸುತ್ತೆ. ಐದು ನಿಮಿಷ ಕೂತ್ರೆ ಸರಿಹೋಗುತ್ತೆ. ಬಸ್ ಓಡಿಸುವಾಗ ಏನೂ ಇಲ್ಲ."

ಬೂಟನ್ನು ತಂದು ಅಂಗಿ ನೋಡುವ ಹಾಗೆ ಒಳಗೂ ಹೊರಗೂ ನೋಡಿದೆ. ಮುಂಭಾಗ ಕಿರಿದು, ದಾರ ಬಿಗಿ. ದಾರ ಸಡಿಲಿಸಿ ವಾರವಿಡೀ ಇವರನ್ನು ಜಿಮ್ಮಿನಲ್ಲಿ ಓಡಿಸಿದರೂ ಹತ್ತನೇ ನಿಮಿಷಕ್ಕೆ ಅದೇ ಪಾಡು. ಆ ಕೊನೆಯ ಮಾತು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಬಸ್ ಓಡಿಸುವಾಗ ಏನೂ ಇಲ್ಲವಂತೆ. ಕೇಳದೆಯೇ ಹೇಳಿದ ಮಾತನ್ನು ನಾನು ಎಂದೂ ನಂಬಿದವಳಲ್ಲ.

ವಾರದ ರಜೆಯ ದಿನ ಮಾಸ್ಕ್ ಹಾಕಿಕೊಂಡು ಇವರ ಬಸ್ಸನ್ನೇ ಹತ್ತಿದೆ. ಹಿಂದಿನ ಬಾಗಿಲಲ್ಲಿ ಹತ್ತಿ ನಿಧಾನಕ್ಕೆ ಮುಂದೆ ಸರಿದು, ಡ್ರೈವರನ ಕಾಲು ಕಾಣುವ ಸೀಟಿನಲ್ಲಿ ಕೂತೆ. ಮೊದಲ ಅರ್ಧ ಗಂಟೆ ಎಲ್ಲ ಸರಿಯಿತ್ತು. ಏನು ಚೆಂದ ಓಡಿಸುತ್ತಾರೆ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು. ಸೇತುವೆಯ ಹತ್ತಿರ ವಾಹನಗಳು ಸಾಲುಗಟ್ಟಿದವು. ಕ್ಲಚ್ಚು, ಬ್ರೇಕು, ಮತ್ತೆ ಕ್ಲಚ್ಚು, ಬ್ರೇಕು. ಸೇತುವೆ ದಾಟಿ ಶಾಲೆಯ ಮುಂದೆ ಬರುವಾಗ ಇವರು ತಲೆ ಬಗ್ಗಿಸಿ ತಮ್ಮ ಕಾಲನ್ನು ನೋಡಿದರು. ಆಮೇಲೆ ಬ್ರೇಕ್ ಒತ್ತಿದರು. ಮುಂದಿನ ಸ್ಟಾಪಿನಲ್ಲಿ ಮತ್ತೆ ನೋಡಿದರು, ಮತ್ತೆ ಒತ್ತಿದರು. ಕಾಲು ಎಲ್ಲಿದೆ ಎಂದು ಕಣ್ಣಿನಿಂದ ಹುಡುಕಿ ಬ್ರೇಕ್ ಹಾಕುತ್ತಿದ್ದರು. ಬಸ್ಸಿನಲ್ಲಿ ಐವತ್ತು ಜನ. ಯಾರಿಗೂ ಗೊತ್ತಿಲ್ಲ. ನಾನು ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟೆ.

"ಡಾಕ್ಟರ ಹತ್ರ ಬರ್ತೀರೋ, ಡಿಪೋ ಮ್ಯಾನೇಜರ ಹತ್ರ ನಾನೇ ಹೋಗ್ಲೋ?" ಎಂದು ಸಂಜೆ ಕೇಳಿದೆ.

"ಡಾಕ್ಟರು ಬರೆದುಕೊಟ್ರೆ ಸ್ಟಿಯರಿಂಗ್ ಕಿತ್ಕೋತಾರೆ. ನನಗೆ ಬೇರೆ ಏನು ಬರುತ್ತೆ ಹೇಳು?"

ಆದರೂ ಹೊರಡಿಸಿದೆ. ಇವರು ಊರಿನ ಆ ತುದಿಯ ಡಾಕ್ಟರನ್ನೇ ಆರಿಸಿದರು. ಅಲ್ಲಿಗೆ ಡಿಪೋದವರು ಯಾರೂ ಹೋಗುವುದಿಲ್ಲ. ಇದರಲ್ಲೂ ಏನೋ ಇದೆ ಎಂದು ನನಗೆ ಆಗಲೇ ಅನಿಸಿತ್ತು.

ಡಾಕ್ಟರಮ್ಮ ಮಂಡಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರು, ಪಾದಕ್ಕೆ ಹತ್ತಿ ಸವರಿದರು.

"ಕೆಲಸ ಏನು?"

"ಕ್ಲರ್ಕ್ ಮೇಡಂ. ಆಫೀಸಲ್ಲಿ ಕೂತು ಮಾಡೋದು" ಎಂದರು ಇವರು. ಒಂದು ಚೂರೂ ತಡವರಿಸಲಿಲ್ಲ.

ಡಾಕ್ಟರಮ್ಮ ಸಮಾಧಾನದಿಂದ ವಿವರಿಸಿದರು. "ವ್ಯಾಯಾಮ ಮಾಡುವಾಗ ಪಾದ ಸ್ವಲ್ಪ ಊದುತ್ತೆ. ಬೂಟು ಬಿಗಿಯಾಗಿದ್ರೆ ಬೆರಳುಗಳ ಮಧ್ಯದ ನರ ಒತ್ತುತ್ತೆ. ಕೆಲವರಿಗೆ ಕಾಲಿನ ಗಿಣ್ಣಿನ ಹತ್ರ ನರ ಸಿಕ್ಕಿಹಾಕ್ಕೊಳ್ಳುತ್ತೆ. ಇನ್ನು ಕೆಲವರಿಗೆ ನರ ಒತ್ತೋದು ಸೊಂಟದಲ್ಲಿ, ಗೊತ್ತಾಗೋದು ಪಾದದಲ್ಲಿ. ಸಕ್ಕರೆ ಕಾಯಿಲೆಯಿಂದ್ಲೂ ಆಗ್ಬಹುದು, ಅದಕ್ಕೆ ರಕ್ತ ನೋಡೋಣ. ನಿಮ್ಮದು ಹೇಗೂ ಕೂತು ಮಾಡೋ ಕೆಲಸ, ಅವಸರ ಇಲ್ಲ. ಅಗಲ ಬೂಟು ಹಾಕಿ, ಮೂರು ವಾರ ಬಿಟ್ಟು ಬನ್ನಿ."

ಇವರು ಚೀಟಿ ತೆಗೆದುಕೊಂಡು ಎದ್ದರು. ನನ್ನ ಕಡೆ ನೋಡಲೇ ಇಲ್ಲ. ಮೂರು ವಾರವೆಂದರೆ ಶಾಲೆಯ ಮುಂದೆ ಎಷ್ಟು ಸಲ ಹಾದುಹೋಗುತ್ತಾರೆ ಎಂದು ನನ್ನ ಮನಸ್ಸು ಲೆಕ್ಕ ಹಾಕುತ್ತಿತ್ತು.

"ಮೇಡಂ, ಇವರು ಬಸ್ ಓಡಿಸ್ತಾರೆ" ಎಂದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಇವರ ಕೈಯಿಂದ ಚೀಟಿ ವಾಪಸ್ ತೆಗೆದುಕೊಂಡರು. ಕಾಲು ಜುಮ್ಮೆನ್ನುವವರೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತಿಸಿ ಇಳಿಸಿದರು. ಆಮೇಲೆ ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ಬಲಗಾಲಿನ ಹೆಬ್ಬೆರಳನ್ನು ಹಿಡಿದು ಮೆಲ್ಲಗೆ ಕೆಳಕ್ಕೆ ಬಾಗಿಸಿದರು.

"ಬೆರಳು ಈಗ ಮೇಲಿದೆಯೋ ಕೆಳಗಿದೆಯೋ?"

"ಮೇಲೆ" ಎಂದರು ಇವರು, ಗಟ್ಟಿಯಾಗಿ.

"ನನಗೆ ಸೊಂಟದ ಮೇಲೇ ಅನುಮಾನ" ಎಂದರು ಡಾಕ್ಟರಮ್ಮ. "ಸ್ಕ್ಯಾನ್ ಆಗ್ಲಿ, ನರದ ಪರೀಕ್ಷೆ ಆಗ್ಲಿ. ಅಲ್ಲೀವರೆಗೂ ಬಸ್ ಮುಟ್ಟೋ ಹಾಗಿಲ್ಲ. ವಾಸಿ ಆಗ್ಬಹುದು, ಈಗ್ಲೇ ಮಾತು ಕೊಡಲ್ಲ."

ಬೇರೆ ದಿನವಾಗಿದ್ದರೆ ಆ ಸ್ಕ್ಯಾನಿನವರಿಗೂ ಈ ಡಾಕ್ಟರಿಗೂ ಏನು ಒಪ್ಪಂದ ಎಂದು ಯೋಚಿಸುತ್ತಿದ್ದೆ. ಅವತ್ತು ಆ ಶಕ್ತಿ ಇರಲಿಲ್ಲ.

ಮನೆಗೆ ಬಸ್ಸಿನಲ್ಲೇ ಹೊರಟೆವು. ಎದುರು ಯಾವ ಸೀಟೂ ಇಲ್ಲದ ಮೊದಲ ಸಾಲು ಸಿಕ್ಕಿತು. ಇವರು ರಸ್ತೆಯನ್ನೇ ನೋಡುತ್ತಿದ್ದರು. ಇಪ್ಪತ್ತಾರು ವರ್ಷದ ಕೆಲಸಕ್ಕೆ ಒಂದೇ ಮಾತಿನಲ್ಲಿ ಕಲ್ಲು ಹಾಕಿದೆನಲ್ಲ. ಇನ್ನು ಜನ್ಮದಲ್ಲಿ ಇವರು ನನ್ನನ್ನು ಮಾತಾಡಿಸುವುದಿಲ್ಲವೇನೋ ಅಂದುಕೊಂಡೆ.

ಅಷ್ಟರಲ್ಲಿ ಒಂದು ಸ್ಕೂಟರ್ ಅಡ್ಡ ಬಂತು. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಅದೇ ಕ್ಷಣಕ್ಕೆ ನನ್ನ ಪಕ್ಕದಲ್ಲಿ ಕೂತಿದ್ದ ಇವರ ಬಲಗಾಲು ಮುಂದೆ ಚಾಚಿ ಬಸ್ಸಿನ ನೆಲವನ್ನು ಧಡ್ ಎಂದು ಒತ್ತಿತು. ಸ್ಕೂಟರಿನವನು ಪಾರಾಗಿ ಹೋದ.

ಇವರ ಕಣ್ಣು ಇನ್ನೂ ರಸ್ತೆಯ ಮೇಲೇ ಇತ್ತು. ಕೆಳದನಿಯಲ್ಲಿ ಕೇಳಿದರು.

"ನಾನು ಒತ್ತಿದ್ನೇನೇ?"

"ಒತ್ತಿದ್ರಿ."

"ಗೊತ್ತಾಗ್ಲಿಲ್ಲ" ಎಂದರು. ಬಗ್ಗಿ ಬಲಗಾಲನ್ನು ಕೈಯಿಂದ ಹಿಂದಕ್ಕೆ ಎಳೆದುಕೊಂಡರು. "ನಾಳೆ ಡಿಪೋಗೆ ನೀನೂ ಬಾ. ಮ್ಯಾನೇಜರಿಗೆ ನಾನೇ ಹೇಳ್ತೀನಿ. ನೀನು ಪಕ್ಕದಲ್ಲಿರು ಸಾಕು."