ಮುಟ್ಟದೆ ಕಾಯುವ ಕೈಗಳು

ಬೆಳಕು ಇನ್ನೂ ಕಿಟಕಿಯ ಗಾಜಿಗೆ ಸರಿಯಾಗಿ ಹತ್ತಿಲ್ಲ. ಕಿವಿ ಪರೀಕ್ಷಾ ಕೇಂದ್ರದ ಕೊನೆಯ ಕೋಣೆಯಲ್ಲಿ ಹೆಂಗಸೊಬ್ಬರು ದಪ್ಪ ಸ್ಪಂಜಿನ ಹಾಸಿನ ಮೇಲೆ ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಂತಿದ್ದಾರೆ. ನಿದ್ದೆಯಲ್ಲಿ ತೇಲುವವರ ಹಾಗೆ ತುಸು ಆಚೆ, ತುಸು ಈಚೆ. ಹಾಸು ಎಲ್ಲಾದರೂ ತಗ್ಗಾಗಿದೆಯೇ ಎಂದು ನೋಡುವುದು ಅವರ ದಿನದ ಮೊದಲ ಕೆಲಸ. ತಗ್ಗು ಹಾಸಿನದಾದರೂ ತಪ್ಪು ಮಗುವಿನ ತಲೆಗೆ ಬರುತ್ತದಲ್ಲ!

ಇಲ್ಲಿ ಎಲ್ಲರಿಗೂ ಇವರು ನೆರಳಕ್ಕ. ಪರೀಕ್ಷೆಗೆ ನಿಂತ ಮಗುವಿನ ಹಿಂದೆ ಕೈ ಚಾಚಿ ನಿಲ್ಲಬೇಕು, ಬಿದ್ದರೆ ಹಿಡಿಯಬೇಕು, ಅಲ್ಲಿಯತನಕ ಮುಟ್ಟಬಾರದು. ಅಷ್ಟೇ ಕೆಲಸ. ಮೊದಲು ಶಿಶುವಿಹಾರದಲ್ಲಿದ್ದವರು, ಅತ್ತ ಮಗುವನ್ನು ಓಡಿಹೋಗಿ ಎತ್ತಿಕೊಂಡೇ ಅಭ್ಯಾಸ. ಆ ಕೈಗಳನ್ನು ಸುಮ್ಮನಿರಿಸಲು ಸಾಕುಸಾಕಾಯಿತಂತೆ. ಮನೆಯಲ್ಲಿ ಗಂಡ ಸ್ಟೂಲು ಹತ್ತಿ ಬಲ್ಬು ಹಾಕುವಾಗಲೂ ಹಿಂದೆ ಕೈ ಚಾಚಿ ನಿಲ್ಲುತ್ತಾರೆ. ಅಪ್ಪ ಬಿದ್ದರೆ ಅಮ್ಮ ಚಪ್ಪಟೆ ಎಂದು ಮಗಳು ನಗುತ್ತಾಳೆ.

ಕೇಳುವ ಶಕ್ತಿಯೂ ಬೀಳದಂತೆ ನಿಲ್ಲಿಸುವ ಶಕ್ತಿಯೂ ಒಳಗಿವಿಯಲ್ಲಿ ಅಕ್ಕಪಕ್ಕದ ಮನೆಯವು. ಒಂದಕ್ಕೆ ಪೆಟ್ಟಾದರೆ ಕೆಲವು ಮಕ್ಕಳಲ್ಲಿ ಇನ್ನೊಂದಕ್ಕೂ ತಾಗುತ್ತದೆ, ಕೆಲವರಲ್ಲಿ ಇಲ್ಲ. ಅದಕ್ಕೇ ಕಿವಿ ಕೇಳುವ ಮಕ್ಕಳನ್ನೂ ಕೇಳದ ಮಕ್ಕಳನ್ನೂ ಇದೇ ಹಾಸಿನ ಮೇಲೆ ನಿಲ್ಲಿಸಿ, ಎಷ್ಟು ಹೊತ್ತು ನಿಂತರೆಂದು ಅಳೆಯುತ್ತಾರೆ. ಬೇರೊಂದು ದಿನ ಮತ್ತೆ ಅಳೆದು, ಎರಡೂ ಹೊಂದಿದರಷ್ಟೇ ನಂಬುತ್ತಾರೆ. ಕೇಳುವ ಮಗುವಿಗೆ ‘ಸಾಕು’ ಎಂದು ಕೂಗಿದರಾಯಿತು. ಕೇಳದ ಮಗು ಕಣ್ಣು ಮುಚ್ಚಿದರೆ ಮಾತೂ ತಲುಪದು, ಸನ್ನೆಯೂ ತಲುಪದು. ಅಳತೆ ಮುಗಿದ ಮೇಲೆ ನೆರಳಕ್ಕ ಭುಜ ತಟ್ಟುವವರೆಗೆ ಅದು ತನ್ನದೇ ಲೋಕದಲ್ಲಿ ಒಂಟಿ.

ಹೋದ ತಿಂಗಳು ಬಂದ ಪುಟ್ಟಿಗೆ ಹುಟ್ಟಿನಿಂದ ಕಿವಿ ಕೇಳದು. ನಡೆಯುತ್ತ ಎಡವುತ್ತಾಳೆ, ಮೆಟ್ಟಿಲಲ್ಲಿ ಉರುಳುತ್ತಾಳೆ. ಬೇಕಂತಲೇ ಬೀಳುತ್ತಾಳೆಂದು ತಾಯಿಗೆ ಸಿಟ್ಟು. ಪರೀಕ್ಷೆಯಲ್ಲಿ ಮಾತ್ರ ಹುಡುಗಿ ಕಂಬದಂತೆ ನಿಂತಳು. ನೋಡಿದಿರಾ, ಎಲ್ಲ ನಾಟಕ ಎಂದು ತಾಯಿ ಮಗಳನ್ನು ದುರುಗುಟ್ಟಿ ನೋಡಿದರು. ನೆರಳಕ್ಕನ ಮುಖ ಬಿಳಿಚಿತು. ಮಗು ವಾಲಿದಾಗ ಜೀವ ತಡೆಯದೆ ಅವರ ಬೆರಳ ತುದಿ ಬೆನ್ನಿಗೆ ತಾಗಿತ್ತು. ಅಷ್ಟು ಆಸರೆಯೇ ಸಾಕಾಗಿತ್ತು.

“ಮೇಡಂ, ಅವಳು ನಿಂತಿದ್ದಲ್ಲ, ನಾನು ನಿಲ್ಲಿಸಿದ್ದು. ನನ್ನ ಬೆರಳು ತಾಗ್ತು” ಎಂದು ಅಳತೆ ಬರೆದುಕೊಳ್ಳುತ್ತಿದ್ದ ಪರೀಕ್ಷಕಿಗೆ ಹೇಳಿಬಿಟ್ಟರು.

ಪರೀಕ್ಷಕಿ ಗದರಲಿಲ್ಲ. ಆ ಅಳತೆಯನ್ನು ಬಿಟ್ಟು ಹೊಸದಾಗಿ ಎರಡು ದಿನ ಗೊತ್ತುಮಾಡಿದರು. ಮೊದಲ ದಿನ ಪುಟ್ಟಿ ಬೇಗನೆ ವಾಲಿ ಬಿದ್ದಳು. ಸುಸ್ತಾಗಿತ್ತೇನೋ ಎಂದು ತಾಯಿ ಒಪ್ಪಲಿಲ್ಲ.

ಇವತ್ತು ಎರಡನೆಯ ದಿನ. ಕೋಣೆಯ ತುಂಬ ಎಳೆಬಿಸಿಲು. ಪುಟ್ಟಿ ಕಣ್ಣು ಮುಚ್ಚಿ ಒಂದು ಕಾಲು ಎತ್ತುತ್ತಾಳೆ. ಬೆನ್ನ ಹಿಂದೆ ಎರಡು ಅಂಗೈಗಳು ಗಾಳಿಯಲ್ಲಿ ತೆರೆದಿವೆ. ಹುಡುಗಿ ವಾಲುತ್ತಾಳೆ. ನೆರಳಕ್ಕನ ಕೈ ಅಲುಗುವುದಿಲ್ಲ. ಇನ್ನೂ ವಾಲುತ್ತಾಳೆ. ಕಾಲು ಹಾಸಿನಿಂದ ಜಾರಿದ ಮೇಲಷ್ಟೇ ಆ ಕೈಗಳು ಅವಳನ್ನು ಬಾಚಿಕೊಳ್ಳುತ್ತವೆ. ಅಳತೆ ಹೆಚ್ಚುಕಡಿಮೆ ಮೊದಲ ದಿನದಷ್ಟೇ.

ತಾಯಿ ಬಂದು ಮಗಳ ಮುಂದೆ ಕೂರುತ್ತಾರೆ.

“ಹಾಗಾದ್ರೆ ಇವಳು ಬೇಕಂತ ಬೀಳ್ತಿರಲಿಲ್ಲ” ಎನ್ನುತ್ತಾರೆ. ನಾಳೆಯಿಂದ ಸಮತೋಲದ ಅಭ್ಯಾಸ ಶುರು ಎಂದು ಪರೀಕ್ಷಕಿ ಹೇಳುತ್ತಿದ್ದರೂ ತಾಯಿಯ ಗಮನ ಅತ್ತ ಇಲ್ಲ. ಮಗಳ ಮಂಡಿಯ ಹಳೆಯ ಗಾಯಗಳನ್ನು ಒಂದೊಂದಾಗಿ ಸವರುತ್ತಿದ್ದಾರೆ.

ನಿಮಗೇನು ಆಸೆ ಎಂದು ಕೇಳಿದರೆ ನೆರಳಕ್ಕ ನಾಚುತ್ತಾರೆ.

“ಈ ಮಗು ಒಂದಿನ ನನ್ನ ಕೈಗೆ ಬೀಳದೆ, ತಾನೇ ಇಳಿದು ಆಡೋಕೆ ಓಡಿಹೋಗ್ಬೇಕು. ಹಿಂದೆ ಯಾರಿದ್ರು ಅಂತ ತಿರುಗಿ ಕೂಡ ನೋಡ್ಬಾರ್ದು.”