ಪೆರಾಬೆಯಿಂದ ಬಂದ ಪಾಯಸ

ವಾರಿಜಾ, ನಿನ್ನ ಸೋದರಮಾವ ನಿನ್ನನ್ನು ಹುಡುಕಿಕೊಂಡು ಬಂದಿದ್ದರು. ನೀನು ನಮ್ಮಲ್ಲೇ ಇದ್ದೆ. ಇಲ್ಲ ಎಂದು ಹೇಳಿ ಕಳುಹಿಸಿದವಳು ನಾನು.

ಇದನ್ನು ಮೊದಲೇ ಹೇಳಿಬಿಡಬೇಕು. ಕಾರಣಗಳಿಂದ ಶುರು ಮಾಡಿದರೆ ನಾನು ಒಳ್ಳೆಯವಳಾಗಿಬಿಡುತ್ತೇನೆ — ಅಷ್ಟು ಚೆನ್ನಾಗಿ ಮಾತು ಕಟ್ಟಲು ನನಗೆ ಬರುತ್ತದೆ. ಕಡಬದ ಹತ್ತಿರದ ಆ ಮಕ್ಕಳ ಮನೆಯನ್ನು ಅಷ್ಟು ವರ್ಷ ನಡೆಸಿದವಳು ನಾನು. ಪಾದ್ರಿಗಳ ಎದುರೂ ತಹಶೀಲ್ದಾರರ ಎದುರೂ ಈ ಮರಿಯಮ್ಮ ಟೀಚರ ನಾಲಿಗೆ ತಡವರಿಸಿದ್ದಿಲ್ಲ. ನಿನ್ನ ಎದುರು ಮಾತ್ರ ಇದು ಇಷ್ಟು ವರ್ಷ ಗಂಟಲಲ್ಲೇ ಉಳಿಯಿತು.

ಎಪ್ಪತ್ತರ ದಶಕದ ಕೊನೆ. ಮಳೆಗಾಲ ಮುಗಿಯುತ್ತ ಬಂದಿದ್ದಾಗ ಒಂದು ಮುಂಜಾನೆ ಭೂಮಿ ನಡುಗಿತು. ನಮ್ಮಲ್ಲಿ ಕಪಾಟಿನ ಪಾತ್ರೆಗಳು ಸದ್ದು ಮಾಡಿದವು, ಅಷ್ಟೇ. ಆದರೆ ಗುಂಡ್ಯದ ಆಚೆ, ಘಾಟಿಯ ಬುಡದಲ್ಲಿ, ನೀರು ಕುಡಿದು ನಿಂತಿದ್ದ ಗುಡ್ಡ ಜರಿದು ರಬ್ಬರ್ ತೋಟದ ಕೆಲಸದವರ ಮನೆಗಳ ಮೇಲೆ ಬಿತ್ತು. ನಿನ್ನ ಅಪ್ಪ ಅಮ್ಮ ಅಲ್ಲಿಯೇ ಹೋದರು. ಸಂಜೆ ಜೀಪಿನಲ್ಲಿ ಒಂದಷ್ಟು ಮಕ್ಕಳನ್ನು ತಂದು ನಮ್ಮ ಜಗಲಿಯಲ್ಲಿ ಇಳಿಸಿದರು. ಯಾರ ಮಕ್ಕಳು ಎಂದರೆ ಜೀಪಿನವನಿಗೂ ಗೊತ್ತಿಲ್ಲ. ನಿನಗೆ ಐದು ವರ್ಷವಿರಬೇಕು. ಬಹಳ ದಿನ ನೀನು ಬಾಯಿಯೇ ಬಿಡಲಿಲ್ಲ. ನನ್ನ ಸೆರಗು ಹಿಡಿದುಕೊಂಡು ಮಲಗುತ್ತಿದ್ದೆ. ವಾರಿಜ ಎಂಬ ಹೆಸರನ್ನು ಮೊದಲು ಹೇಳಿದ್ದೂ ನನಗೇ. ಅದರಿಂದ ನನಗಾದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ.

ಆ ದಿನಗಳಲ್ಲಿ ನನಗೆ ಎಲ್ಲರ ಮೇಲೂ ಸಂಶಯ. ಅಕ್ಕಿ ತಂದುಕೊಟ್ಟವರು ಮಕ್ಕಳ ಮುಖ ಯಾಕೆ ಅಷ್ಟು ಹೊತ್ತು ನೋಡಿದರು? ಬಟ್ಟೆ ತಂದ ಹೆಂಗಸು ಹೆಣ್ಣುಮಕ್ಕಳೆಷ್ಟು ಎಂದು ಯಾಕೆ ಕೇಳಿದಳು? ಊರಿನವರಿಗೂ ನಮ್ಮ ಮೇಲೆ ಸಂಶಯವೇ — ಇವರು ಗಂಜಿ ಹಾಕಿ ಮಕ್ಕಳ ಜಾತಿ ಕೆಡಿಸುತ್ತಾರೆ ಎಂದು. ಅದಕ್ಕೂ ಮೊದಲು ಒಮ್ಮೆ, ಚಿಕ್ಕಪ್ಪ ಎಂದು ಅಳುತ್ತ ಬಂದವನಿಗೆ ನಾನು ಒಬ್ಬ ಹುಡುಗನನ್ನು ಒಪ್ಪಿಸಿದ್ದೆ. ಸ್ವಲ್ಪ ಸಮಯದ ಮೇಲೆ ನೋಡಿದರೆ ಆ ಹುಡುಗ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ನನ್ನ ಕಣ್ಣು ಹಾಗಾಗಿತ್ತು.

ಅಂಥ ಹೊತ್ತಿನಲ್ಲಿ ನಿನ್ನ ಮಾವ ಬಂದರು. ಪೆರಾಬೆಯವರಂತೆ. ಬೊಂಬಾಯಿಯ ಹೋಟೆಲಿನಲ್ಲಿ ಕೆಲಸ, ಸುದ್ದಿ ಸಿಕ್ಕಿದ್ದೇ ತಡವಾಯಿತಂತೆ. ಅಕ್ಕನ ಹೆಣ ಸಿಕ್ಕಿದೆ, ಮಗುವಿನದು ಸಿಕ್ಕಿಲ್ಲ, ಇಲ್ಲಿಗೆ ಮಕ್ಕಳನ್ನು ತಂದಿದ್ದಾರೆಂದು ಯಾರೋ ಹೇಳಿದರು ಎಂದರು. ಹೋಟೆಲು ಎಂದದ್ದೇ ನನ್ನ ಕಿವಿ ನೆಟ್ಟಗಾಯಿತು.

"ತಂದೆಯ ಮನೆಯವರು ಯಾರೂ ಇಲ್ಲವಾ? ಅವರು ಬರಲಿ," ಎಂದೆ.

"ಅವರು ಎಂತಕ್ಕೆ ಟೀಚರೇ? ಮಗು ನಮ್ಮ ಕುಟುಂಬದ್ದಲ್ವಾ? ನಮ್ಮಲ್ಲಿ ಉಳಿದ ಹೆಣ್ಣು ಅವಳೊಬ್ಬಳೇ. ಅಕ್ಕನ ಪಾಲಿನ ಜಾಗವೂ ಉಂಟು, ಅದು ಅವಳಿಗೇ ಸೇರುದು."

ನಾವು ಕೇರಳದಿಂದ ಬಂದು ಗುಡ್ಡ ಕಡಿದು ಬದುಕಿದ ಕ್ರೈಸ್ತರು. ನಮ್ಮಲ್ಲಿ ಮಗು ಅಪ್ಪನ ಮನೆಯದು. ತುಳುವರಲ್ಲಿ ಕುಟುಂಬ ತಾಯಿಯ ಕಡೆಯಿಂದ, ಅಕ್ಕನ ಮಕ್ಕಳಿಗೆ ಮಾವನೇ ಹಿರಿಯ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪುತ್ತೂರಿನಲ್ಲಿ ಟೀಚರ್ ಟ್ರೈನಿಂಗ್ ಮಾಡುವಾಗ ಜೊತೆಯ ಹುಡುಗಿಯರನ್ನು ಅದೇ ವಿಷಯಕ್ಕೆ ಗೇಲಿ ಮಾಡಿದವಳು ನಾನು. ಆದರೂ ಅಪ್ಪನ ಕಡೆಯವರನ್ನು ಬಿಟ್ಟು ಮಾವ ಬಂದಿದ್ದಾನೆ, ಜಾಗದ ಮಾತಾಡುತ್ತಿದ್ದಾನೆ — ಇಷ್ಟೇ ತಲೆಗೆ ಹೋಯಿತು. ಸಿಕ್ಕಿಬಿದ್ದ ಎಂದುಕೊಂಡೆ.

ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿರಬೇಕು. "ಮಗುವಿನ ಹತ್ರ ಬರಿ ಯಾವುದು ಅಂತ ಕೇಳಿ. ಬಂಗೇರ ಅಂತ ಹೇಳ್ತಾಳೆ. ಅಕ್ಕ ಕಲಿಸಿದ್ದಾಳೆ," ಎಂದರು. ಬರಿ ಎಂದರೆ ತಾಯಿಯಿಂದ ಮಕ್ಕಳಿಗೆ ಬರುವ ಕುಲದ ಹೆಸರು. ಮಕ್ಕಳು ಶಾಲೆಗೆ ಹೋಗಿದ್ದಾರೆ, ಮುಂದಿನ ವಾರ ಬನ್ನಿ, ಅಷ್ಟರಲ್ಲಿ ವಿಚಾರಿಸುತ್ತೇನೆ ಎಂದು ಕಳುಹಿಸಿದೆ. ಅಲ್ಲಿಯವರೆಗಿನದ್ದನ್ನು ತಪ್ಪು ಎನ್ನಲಾರೆ. ಅದು ನನ್ನ ಕೆಲಸ.

ಸಂಜೆ ನಿನ್ನ ತಲೆ ಬಾಚುತ್ತ ಬರಿ ಯಾವುದೆಂದು ಕೇಳಿದೆ. ನೀನು ತಡವಿಲ್ಲದೆ ಬಂಗೇರ ಎಂದೆ. ಆಮೇಲೆ ತಿರುಗಿ ನನ್ನ ಮುಖ ನೋಡಿ, "ತಮ್ಮಲೆ ಬತ್ತೆರಾ?" ಎಂದೆ. ಮಾವ ಬಂದರಾ ಎಂದು. ನಾನು ಅವರ ಸುದ್ದಿಯನ್ನೇ ಎತ್ತಿರಲಿಲ್ಲ. ಬರಿ ಯಾವುದೆಂದು ಕೇಳುವವರು ನಿನ್ನ ತಾಯಿಯ ಕಡೆಯವರೇ ಎಂದು ನಿನಗೆ ಹೇಗೆ ಹೊಳೆಯಿತೋ —

"ಇಲ್ಲ ಮೋಳೇ, ಯಾರೂ ಬರಲಿಲ್ಲ," ಎಂದೆ. ಮಗಳೇ ಎಂದು ಕರೆದೇ ಸುಳ್ಳು ಹೇಳಿದೆ.

ಇಲ್ಲಿಂದ ಮುಂದೆ ನನಗೆ ಸಂಶಯದ ಮರೆಯೂ ಇಲ್ಲ. ಅವರು ನಿನ್ನವರೆಂದು ತಿಳಿದಾಗಿತ್ತು. ಆದರೂ ಮರುದಿನ ನಿನ್ನನ್ನು ಬಸ್ಸಿನಲ್ಲಿ ಸುಳ್ಯಕ್ಕೆ, ನನ್ನ ತಂಗಿಯ ಮನೆಗೆ ಕರೆದುಕೊಂಡು ಹೋಗಿ ಬಿಟ್ಟೆ. ಬೊಂಬಾಯಿಗೆ ಕೊಂಡುಹೋದರೆ ನಿನ್ನ ಓದಿನ ಗತಿಯೇನು ಎಂದು ತಂಗಿಗೆ ಹೇಳಿದೆ. ನಿಜ ಏನೆಂದರೆ, ರಾತ್ರಿ ಸೆರಗು ಹಿಡಿಯುವವರು ನನಗೆ ಬೇಕಾಗಿತ್ತು.

ಹೇಳಿದ ವಾರಕ್ಕೆ ಸರಿಯಾಗಿ ಅವರು ಬಂದರು. ವಿಚಾರಿಸಿದೆ, ಅಂಥ ಮಗು ನಮ್ಮಲ್ಲಿಗೆ ಬಂದಿಲ್ಲ ಎಂದೆ. ಅವರು ಹೇಳಿದರು:

"ಟೀಚರೇ, ನಿಮಗೆ ನನ್ನ ಮೇಲೆ ಸಂಶಯ ಉಂಟು, ಗೊತ್ತಾಗ್ತದೆ. ಅವಳು ಸಿಗದಿದ್ರೆ ಇಡೀ ಜಾಗ ನನ್ನದೇ. ನನಗೆ ಜಾಗದ ಆಸೆ ಇದ್ದಿದ್ರೆ ಹುಡುಕಿಕೊಂಡು ಯಾಕೆ ಬರ್ತಿದ್ದೆ?"

ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೊಳೆದಿರಲಿಲ್ಲ. ಹೊಳೆದ ಮೇಲೂ ನಾನು ಬಾಯಿ ಬಿಡಲಿಲ್ಲ. ಬದಲಿಗೆ, "ಬೇಕಾದರೆ ನೀವೇ ನೋಡಿ," ಎಂದು ಊಟದ ಕೋಣೆಗೆ ಕರೆದುಕೊಂಡು ಹೋದೆ. ಅದು ಗಂಜಿಯ ಹೊತ್ತು. ಊಟಕ್ಕೆ ಕೂತಾಗ ಮಾತಾಡಬಾರದೆಂದು ನಾನೇ ಮಾಡಿದ ನಿಯಮ; ಅಂದು ಅದು ನನ್ನ ಕಡೆ ನಿಂತಿತು, ನಿನ್ನ ಹೆಸರು ಯಾವ ಮಗುವಿನ ಬಾಯಿಂದಲೂ ಬರಲಿಲ್ಲ. ಅವರು ಒಂದೊಂದೇ ಮಗುವಿನ ಎದುರು ಬಗ್ಗಿ ಮುಖ ನೋಡುತ್ತ ಹೋದರು. ಪಂಕ್ತಿ ಮುಗಿದ ಮೇಲೆ ಮತ್ತೊಮ್ಮೆ ಮೊದಲಿನಿಂದ ನೋಡಿದರು. ಆಮೇಲೆ ಅಂಗಳಕ್ಕಿಳಿದು, "ಹಾಗಾದ್ರೆ ಮಣ್ಣಿನಡಿಯೇ," ಎಂದರು, ನನಗಲ್ಲ.

ಅವರು ಬೊಂಬಾಯಿಗೆ ಹೋಗಿರಬೇಕೆಂದುಕೊಂಡು ನಿನ್ನನ್ನು ವಾಪಸ್ಸು ಕರೆತಂದೆ. ಹೋಗಿರಲಿಲ್ಲ. ಒಂದು ಮಧ್ಯಾಹ್ನ ಜೀಪು ನಿಂತಿತು. ಅವರು ಇಳಿದು ದೊಡ್ಡ ಪಾತ್ರೆಯೊಂದನ್ನು ಜಗಲಿಯ ಮೇಲಿಟ್ಟರು. ನಿನ್ನೆ ಅಕ್ಕನದೂ ಮಗುವಿನದೂ ಬೊಜ್ಜ ಮುಗಿಸಿದೆವು ಎಂದರು. ಬೊಜ್ಜ ಎಂದರೆ ಉತ್ತರಕ್ರಿಯೆ. "ಪಾಯಸ ಇವತ್ತೇ ಮಾಡಿದ್ದು. ಅವಳ ಪ್ರಾಯದ ಮಕ್ಕಳು ತಿನ್ನಲಿ ಅಂತ. ನಿಮ್ಮಲ್ಲಿ ಆಗ್ತದಲ್ವಾ?"

ತಿಥಿಯ ಊಟ ನಮ್ಮವರಿಗೆ ಆಗುವುದಿಲ್ಲ ಎಂದು ಹಿಂದೆ ಎಷ್ಟೋ ಮಂದಿಯನ್ನು ಮರಳಿ ಕಳುಹಿಸಿದ್ದೆ. ಅಂದು ಆಗುತ್ತದೆ ಎಂದೆ. ಒಳಗೆ ಬನ್ನಿ ಎನ್ನಲಿಲ್ಲ. ಅವರೂ ಬರಲೊಪ್ಪುತ್ತಿರಲಿಲ್ಲ, ಮಕ್ಕಳನ್ನು ನೋಡಿದರೆ ಸಂಕಟ ಆಗುತ್ತದೆ ಎಂದರು. ನೀನು ಬಾಗಿಲಿನ ಆಚೆ ಕೂತು ಸ್ಲೇಟು ಒರೆಸುತ್ತಿದ್ದೆ. ಒಂದು ಬಾಗಿಲು, ವಾರಿಜಾ. ಅದಕ್ಕೆ ಚಿಲಕವನ್ನೂ ಹಾಕಿರಲಿಲ್ಲ. ನಾನು ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದೆ.

ಜೀಪು ಹೋದ ಮೇಲೆ ಎಲ್ಲರಿಗೂ ಬಡಿಸಿದೆ. ಕಡಲೆಬೇಳೆ ಪಾಯಸ, ಬೆಲ್ಲ ಹಾಕಿದ್ದು. ನೀನು ತಟ್ಟೆ ನೆಕ್ಕಿ, ಇನ್ನೂ ಸ್ವಲ್ಪ ಬೇಕು ಎಂದೆ. ನಿನ್ನದೇ ಬೊಜ್ಜದ ಪಾಯಸವನ್ನು ನಿನಗೆ ಎರಡನೆಯ ಸಲ ಬಡಿಸಿದ ಕೈ ಇದು. ಅಂದು ನಾನು ಉಣ್ಣಲಿಲ್ಲ. ಅದೇನೂ ದೊಡ್ಡ ಪಶ್ಚಾತ್ತಾಪವಲ್ಲ. ಮರುದಿನ ಚೆನ್ನಾಗಿಯೇ ಉಂಡೆ.

ತೊಂಬತ್ತರ ದಶಕದ ಮೊದಲಿಗೆ, ನೀನು ನರ್ಸಿಂಗ್ ಕಲಿಯಲು ಮಂಗಳೂರಿಗೆ ಹೊರಟ ದಿನ, ಟ್ರಂಕಿಗೆ ಬೀಗ ಹಾಕುತ್ತ ಕೇಳಿದೆ: "ಟೀಚರಮ್ಮಾ, ನನ್ನವರು ಅಂತ ಯಾರೂ ಬರಲೇ ಇಲ್ವಾ?" ಯಾರೂ ಬರಲಿಲ್ಲ ಎಂದೆ. ಮಗುವಾಗಿದ್ದಾಗ ನಿನಗೊಮ್ಮೆ, ಆಮೇಲೆ ಅವರಿಗೊಮ್ಮೆ, ಈಗ ನಿನಗೆ ಮತ್ತೊಮ್ಮೆ. ಬೈಬಲಿನಲ್ಲಿ ತನ್ನ ಗುರುವನ್ನೇ ಅರಿಯೆನೆಂದ ಪೇತ್ರನಿಗಾದರೂ ಮೂರನೆಯ ಸಲಕ್ಕೆ ಕೋಳಿ ಕೂಗಿತ್ತು, ಅವನು ಹೊರಗೆ ಹೋಗಿ ಅತ್ತ. ನಾನು ನಿನ್ನ ಬುತ್ತಿಗೆ ಉಪ್ಪಿನಕಾಯಿ ಹಾಕಿದೆ. ಆಮೇಲಿನ ವರ್ಷಗಳಲ್ಲಿ ಯಾರಾದರೂ ಪೆರಾಬೆ ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡಿದ್ದೇನೆ. ನಿನಗೆ ಗೊತ್ತಾಗಿರಬಹುದೇ ಎಂದು ನಿನ್ನ ನಗುವಿನ ಮೇಲೂ ಸಂಶಯಪಟ್ಟಿದ್ದೇನೆ.

ನಿನ್ನನ್ನು ಓದಿಸಿದೆ, ಸಾಕಿದೆ ಎಂದು ಹೇಳಿಕೊಳ್ಳುವುದಿಲ್ಲ. ಅವರೂ ಸಾಕುತ್ತಿದ್ದರು. ಅವರ ಕೈಯಿಂದ ಅದನ್ನು ಕಿತ್ತುಕೊಂಡು ನಾನು ಉಪಕಾರ ಎಂದು ಹೆಸರಿಟ್ಟೆ.

ವಿಚಾರಿಸಿದ್ದೇನೆ: ಅವರು ಇದ್ದಾರೆ. ಬೊಂಬಾಯಿ ಬಿಟ್ಟು ಬಂದು ಪೆರಾಬೆಯಲ್ಲೇ ಇದ್ದಾರೆ, ಕಣ್ಣು ಮಂಜಾಗಿದೆಯಂತೆ. ಇದನ್ನು ಓದಿದ ತಕ್ಷಣ ನೀನು ಅಲ್ಲಿಗೆ ಓಡಬೇಡ. ಸತ್ತಳೆಂದು ಅತ್ತು ಮುಗಿಸಿದ ಮಗು ಒಮ್ಮೆಲೇ ಅಂಗಳದಲ್ಲಿ ನಿಂತರೆ ಮುದಿಜೀವ ತಡೆಯದು. ಮೊದಲು ನಾನು ಹೋಗುತ್ತೇನೆ, ನಾಳೆ ಬೆಳಗ್ಗಿನ ಬಸ್ಸಿಗೆ. ಒಳಗೆ ಕರೆಯದಿದ್ದರೆ ಅಂಗಳದಲ್ಲೇ ನಿಂತು, ಅಕ್ಕಪಕ್ಕದವರಿಗೂ ಕೇಳುವ ಹಾಗೆ ಹೇಳುತ್ತೇನೆ — ನಿಮ್ಮ ಮಗು ಮಣ್ಣಿನಡಿ ಇರಲಿಲ್ಲ, ನನ್ನ ಬೆನ್ನ ಹಿಂದೆ ಇತ್ತು.