ಮೆಣಸಿನ ಸಾಲಿನವರೆಗೆ

ನಾನು ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಆಮೇಲೆ ಕೆಂಪು ಕಲ್ಲಿನ ಕೋರೆ. ರಾಮಕುಂಜದ ಸುತ್ತಮುತ್ತ ಆ ಕಾಲದಲ್ಲಿ ಎದ್ದ ಎಷ್ಟೋ ಮನೆಗಳ ಗೋಡೆಯಲ್ಲಿ ನಾನು ಕಡಿದ ಕಲ್ಲಿದೆ. ಇನ್ನೊಬ್ಬರ ಮುಂದೆ ಕೈ ಚಾಚದೆ ಬದುಕಿದವನು ಎಂಬ ಹೆಮ್ಮೆ ನನಗಿತ್ತು, ಈಗಲೂ ಇದೆ. ಅದರ ಜೊತೆಗೆ ಇನ್ನೊಂದು ಹೆಮ್ಮೆಯೂ ಇತ್ತು. ಪುತ್ತೂರಿನ ಸೋಮವಾರದ ಸಂತೆಯಲ್ಲಿ ನನ್ನ ಹಾಗೆ ಚೌಕಾಸಿ ಮಾಡುವವನು ಇನ್ನೊಬ್ಬನಿಲ್ಲ ಎಂದು.

ಸೋಮವಾರ ಕೋರೆಗೆ ರಜೆ. ನಾನೂ ನನ್ನ ಹೆಂಡತಿಯೂ ಬೆಳಿಗ್ಗೆ ಗಂಜಿ ಕುಡಿದು ಆತೂರಿಗೆ ನಡೆದು ಬಸ್ಸು ಹಿಡಿಯುತ್ತಿದ್ದೆವು. ಸಂತೆಯಲ್ಲಿ ಮೊದಲು ಹೋಗುವುದು ಒಣಮೀನಿನ ಕಾಕನ ಹತ್ತಿರ. ಬ್ಯಾರಿ ಜನ, ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು. ಬಿಳಿ ಟೊಪ್ಪಿ, ಎದೆಯವರೆಗೆ ಗಡ್ಡ, ನೊಣ ಓಡಿಸಲು ಕೈಯಲ್ಲಿ ಒಂದು ಸೊಪ್ಪಿನ ಕಟ್ಟು. ಮಳೆಗಾಲ ಹಿಡಿಯುವ ಮೊದಲು ನಾವು ಅವರಿಂದ ನೂರು ಒಣ ಬಂಗುಡೆ ಒಟ್ಟಿಗೇ ಕೊಂಡಿಡುವುದು. ಆ ದಿನದ ಮಾತನ್ನು ಕೇಳಲಿಕ್ಕೆಂದೇ ಪಕ್ಕದ ಉಪ್ಪಿನವರು ಕಿವಿ ಕೊಟ್ಟು ಕುಳಿತಿರುತ್ತಿದ್ದರು.

"ನೂರಕ್ಕೆ ಇಪ್ಪತ್ತು" ಎನ್ನುತ್ತಿದ್ದರು ಕಾಕ.

"ಇಪ್ಪತ್ತಾ! ಎಂತ ಕಾಕ, ಬಂಗುಡೆಗೆ ಬಂಗಾರದ ಹಲ್ಲು ಕಟ್ಟಿಸಿದ್ದೀರಾ?"

"ಬಾಯಿ ಬಿಡಿಸಿ ನೋಡಿ ಮೇಸ್ತ್ರಿ. ನಿಮ್ಮ ಹಾಗೆ ಮಾತಾಡುದಿಲ್ಲ, ಅದೊಂದೇ ಅದರ ತಪ್ಪು."

"ಹನ್ನೆರಡು ಕೊಡುವ."

"ಹನ್ನೆರಡಕ್ಕೆ ಈ ಗೋಣಿಯ ಪರಿಮಳ ಸಿಗ್ತದೆ. ಮೂಸಿ ಹೋಗಿ."

ಹೀಗೆ ಅವರು ಒಂದು ಮೆಟ್ಟಿಲು ಇಳಿಯುವುದು, ನಾನು ಒಂದು ಮೆಟ್ಟಿಲು ಏರುವುದು. ಕೊನೆಗೆ ನಾನು "ಹದಿನಾಲ್ಕು, ಇನ್ನು ಒಂದು ಪೈಸೆ ಇಲ್ಲ" ಎನ್ನುತ್ತಿದ್ದೆ. ಆಗ ನನ್ನ ಹೆಂಡತಿಯ ಕೆಲಸ ಸುರು. ಅಲ್ಲಿಯವರೆಗೆ ನನ್ನ ಹಿಂದೆ ಸುಮ್ಮನೆ ನಿಂತಿದ್ದವಳು ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನಡೆದುಬಿಡುತ್ತಿದ್ದಳು. ಬೈಗುಳವಿಲ್ಲ, ಮುಖ ಸಿಂಡರಿಸುವುದಿಲ್ಲ. ಉಪ್ಪಿನ ಗೋಣಿಗಳನ್ನು ದಾಟಿ, ಮಡಕೆಯವರನ್ನು ದಾಟಿ, ಒಣ ಮೆಣಸಿನ ಸಾಲಿನ ಕಡೆಗೆ. ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ.

"ಹೋದ್ರಲ್ಲ ನಿಮ್ಮವರು!" ಎಂದು ಕಾಕ ನನ್ನ ಭುಜದ ಮೇಲಿಂದ ನೋಡುತ್ತಿದ್ದರು. "ಅವರಿಗೆ ಬುದ್ಧಿ ಉಂಟು, ಹೋದ್ರು. ನೀವೆಂತಕ್ಕೆ ನಿಂತದ್ದು?"

"ಅವಳಿಗೆ ಕೋಪ ಬಂದ್ರೆ ನನಗೆ ರಾತ್ರಿ ಊಟ ಇಲ್ಲ ಕಾಕ. ನಾನೂ ಹೋಗುವವನೇ."

ಕಾಕ ಕಾಯುತ್ತಿದ್ದರು. ಅವಳು ಮೆಣಸಿನ ಸಾಲಿಗೆ ಮುಟ್ಟುವವರೆಗೆ ಅವರಿಗೆ ಸಮಯ. ಅಲ್ಲಿಂದ ಮುಂದೆ ದಾರಿ ತಿರುಗುತ್ತದೆ, ಆಳು ಕಾಣುವುದಿಲ್ಲ. ನಮ್ಮ ಮದುವೆಯಾದ ಹೊಸತರಲ್ಲಿ ಒಮ್ಮೆ ಕಾಕ ಹಠ ಹಿಡಿದು ಕರೆಯದೆ ಕುಳಿತಿದ್ದರು. ಅವಳು ಮೆಣಸಿನ ಸಾಲನ್ನೂ ದಾಟಿ ಸೀದಾ ಬಸ್‌ಸ್ಟ್ಯಾಂಡಿಗೆ ಹೋಗಿದ್ದಳು. ನಾನು ಖಾಲಿ ಕೈಯಲ್ಲಿ ಅವಳ ಹಿಂದೆ ಓಡಬೇಕಾಯಿತು. ಆ ಮಳೆಗಾಲ ನಮಗೆ ಬಂಗುಡೆ ಇಲ್ಲ, ಕಾಕನಿಗೆ ವ್ಯಾಪಾರ ಇಲ್ಲ. ಅಂದಿನಿಂದ ಅವಳು ಮೆಣಸಿನ ಸಾಲಿಗೆ ಮುಟ್ಟಿದ ಕೂಡಲೇ ಕಾಕ ಸೊಪ್ಪಿನ ಕಟ್ಟನ್ನು ಕೆಳಗಿಡುತ್ತಿದ್ದರು.

"ಆಯ್ತು ಮಾರಾಯ್ರೆ, ಹದಿನಾರು ಕೊಡಿ. ಅವರನ್ನು ಕರೀರಿ."

ಹಾಗಾಗಿ ಕೊನೆಯ ಕ್ರಯ ಅವಳ ಕಿವಿಗೆ ಎಂದೂ ಬೀಳುತ್ತಿರಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ ಕೇಳುತ್ತಿದ್ದಳು.

"ಎಷ್ಟಕ್ಕೆ ಕೊಟ್ರು?"

"ಹದಿನಾರು."

"ಇನ್ನೂ ಒಂದು ರೂಪಾಯಿ ಇಳಿಸ್ಬಹುದಿತ್ತು."

ಆ ಒಂದು ರೂಪಾಯಿಯ ಬಗ್ಗೆ ಉಪ್ಪಿನಂಗಡಿ ಬರುವವರೆಗೆ ನಮಗೆ ಜಗಳ. ಅವಳು ಬಹಳ ಮಾತಿನವಳಲ್ಲ. ಮನೆಯಲ್ಲಿ ನಾವಿಬ್ಬರೇ, ಮಕ್ಕಳಾಗಲಿಲ್ಲ. ವಾರವಿಡೀ ಆಡುವ ಮಾತೆಲ್ಲ ಸೇರಿಸಿದರೂ ಆ ಬಸ್ಸಿನಲ್ಲಿ ಆಡಿದಷ್ಟು ಆಗುತ್ತಿರಲಿಲ್ಲವೇನೋ. ಪುತ್ತೂರಿನಲ್ಲಿ ಆಗ ಚೌಕಾಸಿ ಇಲ್ಲದ, ಒಂದೇ ಕ್ರಯದ ಬಟ್ಟೆ ಅಂಗಡಿ ಬಂದಿತ್ತು. ಒಮ್ಮೆ ಕರೆದುಕೊಂಡು ಹೋದೆ. ಸೀರೆ ಅವಳಿಗೆ ಮೆಚ್ಚಿಕೆಯಾಗಿತ್ತು, ಆದರೂ ಬೇಡ ಎಂದಳು. ಹೊರಗೆ ಬಂದ ಮೇಲೆ ಹೇಳಿದಳು: "ಅಲ್ಲಿ ನಾನು ಎಂತ ಮಾಡುದು?"

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮಳೆ ಜೋರಿದ್ದ ಆಟಿ ತಿಂಗಳಲ್ಲಿ ಅವಳಿಗೆ ಜ್ವರ ಬಂತು. ಮದ್ದು ಮಾಡಿಸಿದೆ, ಇಳಿಯಲಿಲ್ಲ. ತೀರಿಕೊಂಡಳು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಕ್ರಿಯೆಗಳೆಲ್ಲ ಮುಗಿದು ನೆಂಟರು ಹೋದ ಮೇಲೂ ಸುಮಾರು ದಿನ ನಾನು ಸಂತೆಯ ಕಡೆ ಮುಖ ಹಾಕಲಿಲ್ಲ. ಗಂಜಿಗೆ ಉಪ್ಪಿನಕಾಯಿ ಸಾಕಾಗುತ್ತಿತ್ತು. ಒಬ್ಬನಿಗೆ ಅಕ್ಕಿ ಎಷ್ಟು ಹಾಕಬೇಕೆಂದು ಗೊತ್ತಾಗದೆ ದಿನಾ ಗಂಜಿ ಉಳಿಯುತ್ತಿತ್ತು. ಮಳೆ ಕಡಿಮೆಯಾದ ಮೇಲೆ ಒಂದು ಸೋಮವಾರ ಹೊರಟೆ. ಚೀಲ ಅವಳದ್ದೇ. ಅದನ್ನು ಹೇಗೆ ಹಿಡಿಯುವುದೆಂದು ತಿಳಿಯದೆ ಬಸ್ಸಿನಲ್ಲಿ ಮಡಿಲಲ್ಲಿಟ್ಟು ಕುಳಿತಿದ್ದೆ.

ಕಾಕನಿಗೆ ಸುದ್ದಿ ಮುಟ್ಟಿತ್ತು. ನನ್ನನ್ನು ಕಂಡವರೇ ಎದ್ದು ನಿಂತರು. ಅಷ್ಟು ವರ್ಷದಲ್ಲಿ ಅವರು ನನಗಾಗಿ ಎದ್ದದ್ದೇ ಇಲ್ಲ.

"ಕೂತ್ಕೊಳ್ಳಿ" ಎಂದು ಒಂದು ಖಾಲಿ ಪೆಟ್ಟಿಗೆ ತೋರಿಸಿದರು. ನಾನು ಕೂರಲಿಲ್ಲ. ಹತ್ತು ಬಂಗುಡೆ ಸಾಕೆಂದೆ. ಕ್ರಯ ಕೇಳಿದೆ.

"ನಿಮಗೆ ಎಂತ ಕ್ರಯ ಮೇಸ್ತ್ರಿ. ಕೊಟ್ಟದ್ದು ಕೊಡಿ."

ಒಂದು ರೂಪಾಯಿ ಕೊಟ್ಟೆ. ಆ ಕ್ರಯಕ್ಕೆ ಅವರು ಯಾರಿಗೂ ಕೊಟ್ಟವರಲ್ಲ. ನೋಡದೆಯೇ ಕಿಸೆಗೆ ಹಾಕಿಕೊಂಡು, ಮೀನಿನ ಕಟ್ಟಿನ ಮೇಲೆ ಇನ್ನೆರಡು ಬಂಗುಡೆ ಇಟ್ಟರು. ಮೆಣಸಿನವಳೂ ಹಾಗೆಯೇ, ತೂಗಿದ ಮೇಲೆ ಒಂದು ಮುಷ್ಟಿ ಹೆಚ್ಚಿಗೆ ಹಾಕಿದಳು. ನೀರುಳ್ಳಿಯವನೂ "ನಿಮಗೆ ಬಂದದ್ದು ಕೊಡಿ ಅಣ್ಣ" ಎಂದ. ಇಡೀ ಸಂತೆ ನನ್ನೆದುರು ದನಿ ತಗ್ಗಿಸಿ ಮಾತಾಡುತ್ತಿತ್ತು. ಅರ್ಧ ಗಂಟೆಯಲ್ಲಿ ನನ್ನ ಸಂತೆ ಮುಗಿಯಿತು. ಮೊದಲಾದರೆ ಮಧ್ಯಾಹ್ನ ಆಗುತ್ತಿತ್ತು. ಬಸ್ಸು ಬರುವವರೆಗೆ ಎಲ್ಲಿ ನಿಲ್ಲುವುದೆಂದು ತೋಚಲಿಲ್ಲ.

ಮುಂದಿನ ಸೋಮವಾರ ಹೀಗೆಯೇ. ಅದರ ಮುಂದಿನದ್ದೂ ಹೀಗೆಯೇ. ಅವರದ್ದು ಒಳ್ಳೆಯ ಮನಸ್ಸು, ಅದು ನನಗೆ ಗೊತ್ತಿತ್ತು. ಆದರೆ ದಿನಾ ಕಲ್ಲು ಕಡಿದು ತಿನ್ನುವವನಿಗೆ ಧರ್ಮಕ್ಕೆ ಕೊಟ್ಟ ಎರಡು ಬಂಗುಡೆ ಗಂಟಲಲ್ಲಿ ಇಳಿಯುವುದಿಲ್ಲ. ನನ್ನ ಹತ್ತಿರ ಜಗಳ ಮಾಡುವವರು ಮನೆಯಲ್ಲಿ ಇಲ್ಲದಾಗಿದ್ದರು, ಈಗ ಸಂತೆಯಲ್ಲೂ ಇಲ್ಲದಾದರು. ಯಾರಾದರೂ ಒಬ್ಬರು ನನ್ನನ್ನು ಮೊದಲಿನ ಹಾಗೆ ಬೈದು ಕ್ರಯ ಹೇಳಲಿ ಎಂದಷ್ಟೇ ನನಗಿದ್ದದ್ದು.

ಒಂದು ಸೋಮವಾರ ಪಟ್ಟು ಹಿಡಿದೆ.

"ಇವತ್ತು ಕ್ರಯ ಹೇಳಿ ಕಾಕ. ಹೇಳದೆ ನಾನು ಮುಟ್ಟುದಿಲ್ಲ."

"ಹತ್ತಕ್ಕೆ ಒಂದು ರೂಪಾಯಿ ಕೊಡಿ."

"ಆಚೆಯವರಿಗೆ ನೀವು ಎರಡು ಹೇಳಿದ್ದು ಕೇಳಿದ್ದೇನೆ."

"ಅವರು ಬೇರೆ, ನೀವು ಬೇರೆ."

"ನಾನು ಎಂತಕ್ಕೆ ಬೇರೆ? ಎರಡು ತಕ್ಕೊಳ್ಳಿ."

"ಒಂದು ಸಾಕು ಮಾರಾಯ್ರೆ."

"ಎರಡು."

"ಆಯ್ತು, ಒಂದೂಕಾಲು ಕೊಡಿ, ಮುಗೀತಲ್ಲ."

"ಎರಡು ಅಂದ್ರೆ ಎರಡು!"

ಸುತ್ತ ಜನ ಸೇರಿತು. ಉಪ್ಪಿನವನು ಕೂಗಿ ಹೇಳಿದ: "ಎಂತ ಮಾರಾಯ್ರೆ ಇದು, ತಕ್ಕೊಳ್ಳುವವ ಏರಿಸುದು, ಮಾರುವವ ಇಳಿಸುದು! ನನಗೂ ಒಂದು ನೂರು ಕಟ್ಟಿ ಕಾಕ, ನಾನು ಕೂಡ ಹೀಗೇ ಚರ್ಚೆ ಮಾಡ್ತೇನೆ."

ಎಲ್ಲರೂ ನಕ್ಕರು. ಕಾಕನೂ ನಕ್ಕರು. ನನಗೆ ಮಾತ್ರ ಮೈ ಉರಿಯಿತು. "ನಾನು ಭಿಕ್ಷೆಗೆ ಬಂದವನಲ್ಲ" ಎಂದು ಮೀನಿನ ಕಟ್ಟನ್ನು ಅಲ್ಲೇ ಗೋಣಿಯ ಮೇಲಿಟ್ಟು ನಡೆದೆ. ಹಿಂದಿನಿಂದ ಕಾಕ "ಮೇಸ್ತ್ರಿ! ಓ ಮೇಸ್ತ್ರಿ!" ಎಂದು ಕರೆದರು. ಬರೇ ಕರೆದರು, ಕ್ರಯ ಹೇಳಲಿಲ್ಲ. ನಾನು ತಿರುಗಲಿಲ್ಲ.

ಆ ಬೇಸಿಗೆ ಸುಳ್ಯದ ಆಚೆ ಮಂಡೆಕೋಲಿನಲ್ಲಿ ಒಂದು ದೊಡ್ಡ ಮನೆಗೆ ಕಲ್ಲು ಕಡಿಯುವ ಕೆಲಸ ಸಿಕ್ಕಿತು. ಮನೆಗೆ ಬೀಗ ಹಾಕಿ ಹೋದೆ. ಕೋರೆಯ ಬದಿಯಲ್ಲಿ ಸೋಗೆಯ ಗುಡಿಸಲು, ರಾತ್ರಿಯಾದರೆ ಕಾಡುಹಂದಿಯ ಸದ್ದು. ಸಾಮಾನಿಗೆ ಸುಳ್ಯದ ಸಂತೆ. ಅಲ್ಲಿ ನಾನು ಯಾರೆಂದು ಯಾರಿಗೂ ತಿಳಿಯದು, ನನ್ನ ಮನೆಯಲ್ಲಿ ಏನಾಯಿತೆಂದೂ ತಿಳಿಯದು. ಅದೇ ಒಂದು ಸಮಾಧಾನ.

ಅಲ್ಲಿನ ಮೀನಿನವನು ಕೇರಳದ ಕಡೆಯ ಹುಡುಗಾಟದ ಮನುಷ್ಯ. "ಎಂತ ಚೇಟ್ಟಾ, ನೋಡುದು ಮಾತ್ರವಾ, ತಕ್ಕೊಳ್ಳುದು ಕೂಡ ಉಂಟಾ?" ಎಂದು ನನ್ನನ್ನು ಕೆಣಕಿದ. ಎದೆಗೆ ಗಾಳಿ ಬಂದ ಹಾಗಾಯಿತು. ಅವನು ಹೇಳಿದ್ದಕ್ಕೆ ನಾನು ಹೇಳಿದೆ, ನಾನು ಹೇಳಿದ್ದಕ್ಕೆ ಅವನು ಹೇಳಿದ. ಅವನ ಮೀನಿಗೆ ಮರಳು ಅಂಟಿದೆ ಎಂದೆ, ನನ್ನ ಕಣ್ಣಿಗೇ ಮರಳು ಬಿದ್ದಿದೆ ಎಂದ. ಎಷ್ಟೋ ತಿಂಗಳ ನಂತರ ನನ್ನ ನಾಲಿಗೆ ನನ್ನದಾಗಿತ್ತು. ಕೊನೆಗೆ "ಇನ್ನು ಒಂದು ಪೈಸೆ ಇಲ್ಲ" ಎಂದೆ. ಎಂದವನು ಅಭ್ಯಾಸಬಲದಿಂದ ಸುಮ್ಮನೆ ನಿಂತೆ.

ಯಾರೂ ನಡೆಯಲಿಲ್ಲ.

ಅವನು ನನ್ನ ಮುಖ ನೋಡಿದ. ಈಗ ನಾನೇ ನಡೆಯಬೇಕಲ್ಲ ಎಂದು ಹೊಳೆದು, ಚೀಲ ಮಡಚಿ ತಿರುಗಿದೆ. ನಾಲ್ಕು ಹೆಜ್ಜೆ ಹೋಗಿ ನಿಧಾನ ಮಾಡಿದೆ. ಚಪ್ಪಲಿಯ ಬಾರು ಸರಿಮಾಡುವ ನೆವದಲ್ಲಿ ಬಗ್ಗಿದೆ. ಹಿಂದೆ ಅವನು ಆಗಲೇ ಇನ್ನೊಬ್ಬರಿಗೆ ಕ್ರಯ ಹೇಳುತ್ತಿದ್ದ. ಕಿವಿಯೆಲ್ಲ ಬೆನ್ನಿಗೆ ಬಂದಿತ್ತು, ಕಾಲು ಮುಂದೆ ಹೋಗುತ್ತಿರಲಿಲ್ಲ. ಇಷ್ಟು ಕಷ್ಟದ ಕೆಲಸವನ್ನು ಅವಳು ವರ್ಷಗಟ್ಟಲೆ ಮಾಡಿದ್ದಳು. ತಿರುಗಿ ನೋಡದೆ ಹೋಗುತ್ತಿದ್ದದ್ದು ಅವಳ ಗಟ್ಟಿ ಮನಸ್ಸಿನಿಂದ ಎಂದು ತಿಳಿದಿದ್ದೆ. ಅದಲ್ಲ, ಹಿಂದೆ ನಾನು ನಿಂತಿದ್ದೇನೆ ಎಂಬ ಧೈರ್ಯದಿಂದ ಇರಬೇಕು. ನನ್ನ ಹಿಂದೆ ಯಾರೂ ಇರಲಿಲ್ಲ. ಮರಳಿ ಹೋಗಿ ಕೇಳಲು ಅಭಿಮಾನ ಬಿಡಲಿಲ್ಲ. ಅವತ್ತು ಬರೀ ಉಪ್ಪು ಕೊಂಡು ಮಂಡೆಕೋಲಿಗೆ ಬಂದೆ.

ಮಳೆಗೆ ಮೊದಲು ಕೆಲಸ ಮುಗಿದು ಊರಿಗೆ ಮರಳಿದೆ. ಸೋಮವಾರ ಪುತ್ತೂರಿಗೆ ಹೋಗುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಮತ್ತೆ "ಕೊಟ್ಟದ್ದು ಕೊಡಿ" ಎಂದರೆ ಆ ಸಂತೆಗೆ ಇನ್ನು ಕಾಲಿಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೇ ಹೊರಟೆ.

ಮಳೆಗಾಲದ ಸಾಮಾನಿಗೆ ಬಂದವರ ಗದ್ದಲ. ಕಾಕ ನನ್ನನ್ನು ಕಂಡರು. ಈ ಸಲ ಏಳಲಿಲ್ಲ.

"ಎಲ್ಲಿ ಹೋಗಿದ್ರಿ ಇಷ್ಟು ದಿನ?"

"ಮಂಡೆಕೋಲಿಗೆ. ಕಲ್ಲಿನ ಕೆಲಸ."

"ಅಲ್ಲಿ ಮೀನು ಇಲ್ವಾ?"

"ಉಂಟು. ನೂರು ಬೇಕು, ಕ್ರಯ ಹೇಳಿ." ಐವತ್ತು ಸಾಕಿತ್ತು ನನಗೆ. ಆದರೆ ಬಾಯಿಗೆ ಬಂದದ್ದು ನೂರು.

ಕಾಕ ಸೊಪ್ಪಿನ ಕಟ್ಟನ್ನು ಒಮ್ಮೆ ಬೀಸಿದರು. ನನ್ನ ಮುಖವನ್ನೇ ನೋಡಿದರು.

"ಇಪ್ಪತ್ತೈದು" ಎಂದರು.

ಅಷ್ಟು ದುಬಾರಿ ಕ್ರಯವನ್ನು ಅವರು ನನಗೆ ಎಂದೂ ಹೇಳಿದ್ದಿಲ್ಲ. ಕಣ್ಣಲ್ಲಿ ನೀರು ಬಂದದ್ದು ಮೆಣಸಿನ ಘಾಟಿಗೆ ಎಂದು ಮುಖ ಒರೆಸಿಕೊಂಡೆ.

"ಇಪ್ಪತ್ತೈದಕ್ಕೆ ದೋಣಿಯೇ ಬರ್ತದೆ ಕಾಕ!"

"ಬರ್ತದೆ. ಹುಟ್ಟು ಹಾಕ್ಲಿಕ್ಕೆ ನಿಮಗೆ ಗೊತ್ತುಂಟಾ? ಕಲ್ಲು ಕಡಿಯುವವರು ಮುಳುಗಿ ಸಾಯ್ತೀರಿ."

ಉಪ್ಪಿನವನು ನಕ್ಕ. ಈ ನಗು ನನಗೆ ಉರಿಯಲಿಲ್ಲ. ಹದಿಮೂರು ಎಂದೆ. ಆ ಕ್ರಯಕ್ಕೆ ಬಾಲ ಮಾತ್ರ ಕೊಡುವುದು ಎಂದರು. ಮೆಟ್ಟಿಲು ಇಳಿದು, ಮೆಟ್ಟಿಲು ಏರಿ, "ಹದಿನೈದು, ಇನ್ನು ಒಂದು ಪೈಸೆ ಇಲ್ಲ" ಎಂಬಲ್ಲಿಗೆ ಬಂದು ನಿಂತೆವು.

ಕಾಕ ನನ್ನ ಭುಜದ ಮೇಲಿಂದ ಉಪ್ಪಿನ ಗೋಣಿಗಳ ಕಡೆಗೆ ನೋಡಿದರು. ಅಲ್ಲಿಂದ ಅವರ ಕಣ್ಣು ನಿಧಾನವಾಗಿ ಮಡಕೆಯವರ ಕಡೆಗೆ ಹೋಯಿತು. ಯಾರೋ ಮೀನು ಕೇಳಿದರು. ಕಾಕ ಅವರಿಗೆ ಕೈಯಲ್ಲೇ ತಡೆಯಿರಿ ಎಂದರು. ನಾನೂ ತಿರುಗಿ ನೋಡಿದೆ. ಚೀಲ ಹೊತ್ತ ಹೆಂಗಸರು, ಮಕ್ಕಳು, ಬಿಸಿಲು. ಆ ಗುಂಪಿನ ನಡುವೆ ಒಬ್ಬರು ಅವಸರವಿಲ್ಲದೆ ನಡೆದು ಹೋದರೆ ಎಷ್ಟು ಹೊತ್ತಾಗುತ್ತದೋ ಅಷ್ಟು ಹೊತ್ತು ನಾವಿಬ್ಬರೂ ಹಾಗೆಯೇ ಇದ್ದೆವು.

ಆಮೇಲೆ ಕಾಕ ಸೊಪ್ಪಿನ ಕಟ್ಟನ್ನು ಕೆಳಗಿಟ್ಟರು.

"ಆಯ್ತು ಮಾರಾಯ್ರೆ. ಮೆಣಸಿನ ಸಾಲಿಗೆ ಮುಟ್ಟಿದ್ರು. ಹದಿನೆಂಟು ಕೊಡಿ."

"ಅವರನ್ನು ಕರೀರಿ" ಎಂಬ ಮಾತೊಂದನ್ನು ಮಾತ್ರ ಹೇಳಲಿಲ್ಲ. ನೂರು ಬಂಗುಡೆ ಎಣಿಸಿ ಕೊಟ್ಟರು. ಹೆಚ್ಚಿಗೆ ಒಂದೂ ಹಾಕಲಿಲ್ಲ.

ಬಸ್ಸಿನಲ್ಲಿ ಮೀನಿನ ವಾಸನೆಗೆ ನನ್ನ ಪಕ್ಕ ಯಾರೂ ಕೂರಲಿಲ್ಲ. ದಾರಿಯಲ್ಲಿ ಹತ್ತಿದ ಒಬ್ಬರು ವಯಸ್ಸಾದವರು ಬೇರೆ ಜಾಗವಿಲ್ಲದೆ ಕುಳಿತರು. ಸ್ವಲ್ಪ ದೂರ ಹೋದ ಮೇಲೆ ಚೀಲದ ಕಡೆ ನೋಡಿ ಕೇಳಿದರು.

"ಬಂಗುಡೆಯಾ? ಎಷ್ಟಕ್ಕೆ ಕೊಟ್ರು?"

"ನೂರಕ್ಕೆ ಹದಿನೆಂಟು" ಎಂದೆ. ಹೇಳಿ ಅವರ ಕಡೆ ಪೂರ್ತಿ ತಿರುಗಿ ಕುಳಿತೆ. ಉಪ್ಪಿನಂಗಡಿಗೆ ಇನ್ನೂ ದಾರಿ ಇತ್ತು.

"ಅಡ್ಡಿ ಇಲ್ಲ" ಎಂದು ಅವರು ಕಣ್ಣು ಮುಚ್ಚಿಕೊಂಡರು.

ಅವಳು ಒಮ್ಮೆಯೂ ಹಾಗೆ ಅಂದವಳಲ್ಲ.